ದಿನಕ್ಕೆ ಎಷ್ಟು ನೀರು ಕುಡಿಯಬೇಕು? ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳುವ ಬಗೆ

ನೇರ ಉತ್ತರ ಮೊದಲು. ಆರೋಗ್ಯವಾಗಿರುವ ವಯಸ್ಕರು, ಕೂತು ಮಾಡುವ ಕೆಲಸ, ಮೈಸೂರಿನಂಥ ಹದವಾದ ಹವೆ ಎಂದಿಟ್ಟುಕೊಳ್ಳಿ. ಆಗ ಹೆಂಗಸರಿಗೆ ದಿನಕ್ಕೆ ಸುಮಾರು 1.6 ಲೀಟರ್, ಗಂಡಸರಿಗೆ ಸುಮಾರು 2 ಲೀಟರ್ ಕುಡಿದರೆ ಸಾಕು. ಇದು ಬರೀ ನೀರಿನ ಲೆಕ್ಕವಲ್ಲ. ಬೆಳಗಿನ ಕಾಫಿ, ಊಟದ ಮಜ್ಜಿಗೆ, ಸಂಜೆಯ ಚಹಾ, ದಾರಿಯಲ್ಲಿ ಕುಡಿದ ಎಳನೀರು ಎಲ್ಲವೂ ಇದರೊಳಗೇ ಬರುತ್ತವೆ. ಅದೇ ವ್ಯಕ್ತಿ ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲಿನಲ್ಲಿ ಗಾರೆ ಕೆಲಸಕ್ಕೆ ನಿಂತರೆ ಈ ಅಂಕಿ ಎರಡು-ಮೂರು ಪಟ್ಟಾಗುತ್ತದೆ. ಆದ್ದರಿಂದ ದಿನಕ್ಕೆ ಎಂಟು ಲೋಟ ನೀರು ಎಂದು ಎಲ್ಲರಿಗೂ ಒಂದೇ ಅಂಕಿ ಹೇಳುವ ಸಲಹೆಯನ್ನು ನಂಬಬೇಡಿ. ನಿಮ್ಮ ಅಂಕಿಯನ್ನು ಕಂಡುಕೊಳ್ಳಲು ಒಂದು ಅಳತೆ ಜಗ್ಗು, ಒಂದು ತೂಕದ ಯಂತ್ರ, ಮೂರು-ನಾಲ್ಕು ದಿನದ ಗಮನ ಇಷ್ಟಿದ್ದರೆ ಆಯಿತು.

ಎಂಟು ಲೋಟದ ಮಾತು ಎಲ್ಲಿಂದ ಬಂತು

1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ವಯಸ್ಕರಿಗೆ ದಿನಕ್ಕೆ 2.5 ಲೀಟರ್ ನೀರು ಎಂದು ಬರೆಯಿತು. ಅದರ ಬೆನ್ನಿಗೇ, ಇದರಲ್ಲಿ ಬಹುಪಾಲು ನಾವು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದೂ ಬರೆದಿತ್ತು. ಜನ ಮೊದಲ ವಾಕ್ಯವನ್ನು ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು. ಎಂಟು ಲೋಟದ ಲೆಕ್ಕ ಹುಟ್ಟಿದ್ದು ಇಲ್ಲಿಂದಲೇ ಇರಬಹುದು ಎಂಬುದು ಹಲವರ ಊಹೆ. ಮೂತ್ರಪಿಂಡದ ಶರೀರಶಾಸ್ತ್ರದಲ್ಲಿ ಪಳಗಿದ ಹೈಂಜ್ ವಾಲ್ಟಿನ್ 2002ರಲ್ಲಿ ಹಳೆಯ ಬರಹಗಳನ್ನೆಲ್ಲ ಜಾಲಾಡಿ, ಎಲ್ಲರೂ ಎಂಟು ಲೋಟ ಕುಡಿಯಲೇಬೇಕು ಎನ್ನುವುದಕ್ಕೆ ವೈಜ್ಞಾನಿಕ ಆಧಾರ ಸಿಗಲಿಲ್ಲ ಎಂದು ಬರೆದರು.

ಇಂದು ಚಾಲ್ತಿಯಲ್ಲಿರುವ ಅಂಕಿಗಳು ಎರಡು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೆಂಗಸರಿಗೆ 2, ಗಂಡಸರಿಗೆ 2.5 ಲೀಟರ್ ಎಂದಿತು. ಅದಕ್ಕೂ ಮೊದಲು, 2004ರಲ್ಲಿ, ಅಮೆರಿಕದ ಸಂಸ್ಥೆ 2.7 ಮತ್ತು 3.7 ಲೀಟರ್ ಎಂದಿತ್ತು. ಎರಡೂ ಆಹಾರದ ನೀರನ್ನೂ ಸೇರಿಸಿದ ಒಟ್ಟು ಲೆಕ್ಕ. ಕುಡಿಯುವ ಪಾಲು ಅದರಲ್ಲಿ ಸುಮಾರು ಶೇ. 80. ಅಂತರಜಾಲದಲ್ಲಿ 3.7 ಲೀಟರ್ ನೀರು ಕುಡಿಯಿರಿ ಎಂದು ಕಂಡರೆ, ಬರೆದವರು ಈ ಒಂದು ಸಾಲನ್ನು ಓದಿಲ್ಲ ಎಂದು ತಿಳಿಯಿರಿ.

ಮೈಯ ಜಮಾ-ಖರ್ಚು

ಖರ್ಚನ್ನು ಮೊದಲು ನೋಡೋಣ. ಹದವಾದ ಹವೆಯಲ್ಲಿ ಕೂತು ಕೆಲಸ ಮಾಡುವವರ ಮೈಯಿಂದ ಒಂದು ದಿನದಲ್ಲಿ ಹೋಗುವ ನೀರು ಹೀಗಿದೆ: ಮೂತ್ರದಲ್ಲಿ ಸುಮಾರು 1,500 ಮಿ.ಲೀ., ಬೆವರು ಕಾಣದಿದ್ದರೂ ಚರ್ಮದ ಮೂಲಕ ಆರಿಹೋಗುವುದು 400, ಉಸಿರಿನಲ್ಲಿ 350, ಮಲದಲ್ಲಿ 150. ಒಟ್ಟು 2,400. ಜಮಾ ಕಡೆಯಲ್ಲಿ ಊಟ-ತಿಂಡಿಯಿಂದ ಬರುವುದು 500ರಿಂದ 700 ಮಿ.ಲೀ.; ತಿಂದ ಅನ್ನ, ಎಣ್ಣೆ, ಬೇಳೆ ಮೈಯೊಳಗೆ ಉರಿದಾಗ ಹುಟ್ಟುವ ನೀರು 250ರಿಂದ 300. ಉಳಿದ ಒಂದೂವರೆ ಲೀಟರಿನಷ್ಟನ್ನು ಕುಡಿದು ತುಂಬಬೇಕು.

ಈ ಲೆಕ್ಕದಲ್ಲಿ ಹೆಚ್ಚು ಏರಿಳಿಯುವ ಬಾಬ್ತು ಎರಡು, ಮೂತ್ರ ಮತ್ತು ಬೆವರು. ಮೂತ್ರ ಎಷ್ಟಿರಬೇಕೆಂದು ಕಿಡ್ನಿ ತೀರ್ಮಾನಿಸುತ್ತದೆ. ನೀರು ಕಡಿಮೆಯಾದರೆ ಮೆದುಳಿನಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೊರಟು, ನೀರನ್ನು ಉಳಿಸು ಎಂದು ಕಿಡ್ನಿಗೆ ಹೇಳುತ್ತದೆ. ಹೆಚ್ಚಾದರೆ ಆ ಹಾರ್ಮೋನು ನಿಲ್ಲುತ್ತದೆ, ಮೂತ್ರ ನೀರಾಗುತ್ತದೆ. ದಿನದ ಕಸವನ್ನು ಹೊರಹಾಕಲು ಕಿಡ್ನಿಗೆ ಏನಿಲ್ಲವೆಂದರೂ ಅರ್ಧ ಲೀಟರ್ ಮೂತ್ರ ಬೇಕು. ಬೆವರಿಗೆ ಇಂಥ ಕಡಿವಾಣವಿಲ್ಲ. ಮೈ ತಂಪಾಗಬೇಕಾದರೆ ಅದು ಹರಿಯಲೇಬೇಕು. ನೀರಿನ ಲೆಕ್ಕ ತಪ್ಪುವುದು ಬಹುತೇಕ ಬೆವರಿನ ಬಾಬ್ತಿನಲ್ಲಿ.

2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳ 5,604 ಜನರ ಮೈಯಲ್ಲಿ ದಿನಕ್ಕೆ ಎಷ್ಟು ನೀರು ಬಂದು ಹೋಗುತ್ತದೆ ಎಂದು ಅಳೆದರು. ಎಂಟು ದಿನದ ಕೂಸಿನಿಂದ 96 ವರ್ಷದವರವರೆಗೆ ಎಲ್ಲರೂ ಅದರಲ್ಲಿದ್ದರು. ವಯಸ್ಸು, ತೂಕ, ದುಡಿಮೆ, ಸೆಕೆ ಬದಲಾದಂತೆ ಅಂಕಿಯೂ ಬದಲಾಗುತ್ತಾ ಹೋಯಿತು.

ಹೆಜ್ಜೆ 1: ನಿಮ್ಮ ಲೋಟ ಎಷ್ಟು ಹಿಡಿಯುತ್ತದೆ?

ನಾನು ಹತ್ತು ಲೋಟ ಕುಡೀತೀನಿ ಎನ್ನುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಲೋಟಗಳು ಒಂದೇ ತರಹ ಇಲ್ಲ. ಮನೆಯ ಸ್ಟೀಲ್ ಲೋಟ 200 ಮಿ.ಲೀ. ಇರಬಹುದು, 300 ಕೂಡ ಇರಬಹುದು. ದರ್ಶಿನಿಯ ಕಾಫಿ ಲೋಟದಲ್ಲಿ ನೊರೆ ಇಳಿದ ಮೇಲೆ 100 ಮಿ.ಲೀ. ಉಳಿದರೆ ಹೆಚ್ಚು. ಚೊಂಬಿನ ಕಥೆ ಮನೆಗೊಂದು.

ಅಳತೆ ಜಗ್ಗು ಇಲ್ಲದಿದ್ದರೆ ಅರ್ಧ ಲೀಟರ್ ಹಾಲಿನ ಖಾಲಿ ಪ್ಯಾಕೆಟ್ಟನ್ನು ಹುಡುಕಬೇಡಿ, ಅದರಿಂದ ಸರಿಯಾಗಿ ಅಳೆಯಲು ಬರುವುದಿಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ನೀವು ದಿನವೂ ತುಂಬುವ ಮಟ್ಟಕ್ಕೆ ನೀರು ತುಂಬಿ. ಬಂದ ಗ್ರಾಂ ಎಷ್ಟೋ ಅಷ್ಟೇ ಮಿ.ಲೀ. ಕಾಫಿ ಲೋಟ, ಮಜ್ಜಿಗೆ ಲೋಟ, ಆಫೀಸಿಗೆ ಒಯ್ಯುವ ಬಾಟಲಿ ಮೂರನ್ನೂ ಒಮ್ಮೆ ಹೀಗೆ ತೂಗಿಬಿಟ್ಟರೆ ಮತ್ತೆ ತೂಗುವ ಗೊಡವೆಯಿಲ್ಲ.

ಆಮೇಲೆ ಎರಡು ದಿನ, ಒಂದು ಕೆಲಸದ ದಿನ ಒಂದು ರಜೆ, ಕುಡಿದದ್ದನ್ನೆಲ್ಲ ಬರೆದಿಡಿ. ಈ ಎರಡು ದಿನ ಬೇಕೆಂದೇ ಹೆಚ್ಚು ಕುಡಿಯಬೇಡಿ. ಈಗ ಎಷ್ಟು ಕುಡಿಯುತ್ತಿದ್ದೀರಿ ಎಂದು ತಿಳಿಯುವುದಷ್ಟೇ ಉದ್ದೇಶ.

ಕಾಫಿ ಮೈಯ ನೀರನ್ನೆಲ್ಲ ಹೊರಗೆ ತಳ್ಳುತ್ತದೆ ಎಂಬ ಮಾತಿದೆಯಲ್ಲ, ಅದನ್ನೂ ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನಲ್ಲಿ 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾಫಿ ಕುಡಿದು ರೂಢಿಯಿದ್ದ 50 ಗಂಡಸರು ಕೆಲವು ದಿನ 800 ಮಿ.ಲೀ. ಕಾಫಿ, ಕೆಲವು ದಿನ ಅಷ್ಟೇ ನೀರು ಕುಡಿದರು. ಮೈಯ ನೀರಿನ ಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಮ್ಮ ಎರಡು ಲೋಟ ಫಿಲ್ಟರ್ ಕಾಫಿಯನ್ನು ನಿಶ್ಚಿಂತೆಯಿಂದ ಜಮಾ ಕಡೆ ಬರೆಯಿರಿ. ಮದ್ಯವನ್ನು ಮಾತ್ರ ಬರೆಯಬೇಡಿ. ಅದು ವ್ಯಾಸೊಪ್ರೆಸಿನ್ನನ್ನೇ ಅದುಮಿಡುತ್ತದೆ.

ಹೆಜ್ಜೆ 2: ತಟ್ಟೆಯಲ್ಲಿ ಎಷ್ಟು ನೀರಿದೆ

ಅನ್ನದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರು. 250 ಗ್ರಾಂ ಅನ್ನ ಉಂಡರೆ ಸುಮಾರು 170 ಮಿ.ಲೀ. ನೀರು ಒಳಗೆ ಹೋಯಿತು. ಅದರ ಮೇಲೆ ಎರಡು ಸೌಟು ಸಾರು, ಕೊನೆಗೆ ಮೊಸರನ್ನ, ಪಕ್ಕದಲ್ಲಿ ಸೌತೆಕಾಯಿ ಕೋಸಂಬರಿ ಇದ್ದರೆ ಒಂದೇ ಊಟದಲ್ಲಿ ಅರ್ಧ ಲೀಟರಿನ ಹತ್ತಿರ ಬರುತ್ತದೆ. ಸೌತೆಕಾಯಿ ಶೇ. 95 ನೀರು, ಕಲ್ಲಂಗಡಿ ಶೇ. 91. ರಾಗಿ ಮುದ್ದೆಯಲ್ಲೂ ಹಿಟ್ಟಿಗಿಂತ ನೀರಿನ ತೂಕವೇ ಹೆಚ್ಚು. ಕರಾವಳಿಯ ಕುಚ್ಚಲಕ್ಕಿ ಗಂಜಿಯಂತೂ ಊಟವೋ ಪಾನೀಯವೋ ಎಂದು ಹೇಳುವುದೇ ಕಷ್ಟ.

ಇನ್ನೊಂದು ಕಡೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಕಟ್ಟಿಕೊಂಡು ಹೋದರೆ ವಾರಗಟ್ಟಲೆ ಕೆಡದ ಬುತ್ತಿ ಇದು. ಅದು ಕೆಡದಿರುವುದಕ್ಕೆ ಕಾರಣವೇ ಅದರಲ್ಲಿ ನೀರು ಇಲ್ಲದಿರುವುದು. ಗಂಜಿ ಉಣ್ಣುವವರಿಗಿಂತ ಒಣ ಬುತ್ತಿ ತಿನ್ನುವವರು ದಿನಕ್ಕೆ ಎರಡು-ಮೂರು ಲೋಟ ಹೆಚ್ಚು ಕುಡಿಯಬೇಕು. ಚಪಾತಿ-ಪಲ್ಯ, ಬ್ರೆಡ್ಡು, ಬಿಸ್ಕತ್ತು ಹೆಚ್ಚು ತಿನ್ನುವ ಹಾಸ್ಟೆಲ್ ಹುಡುಗರ ಲೆಕ್ಕವೂ ಇದೇ. ತೂಕ ಇಳಿಸಲೆಂದು ಅನ್ನ-ಸಾರು ಬಿಟ್ಟು ಒಣ ಓಟ್ಸು, ಪ್ರೋಟೀನ್ ಬಾರು ಹಿಡಿದವರಿಗೆ ತಲೆನೋವು, ಮಲಬದ್ಧತೆ ಶುರುವಾದರೆ ಮೊದಲು ತಟ್ಟೆಯಿಂದ ಎಷ್ಟು ನೀರು ಕಡಿಮೆಯಾಯಿತು ಎಂದು ನೋಡಬೇಕು.

ಹೆಜ್ಜೆ 3: ಮೂತ್ರವನ್ನು ಓದಿ

ಹೇಳಿಕೊಳ್ಳಲು ಮುಜುಗರ, ಆದರೆ ಇದಕ್ಕಿಂತ ಒಳ್ಳೆಯ ಮೀಟರು ಮನೆಯಲ್ಲಿ ಬೇರೆ ಇಲ್ಲ. ಒಣ ಹುಲ್ಲಿನ ತಿಳಿ ಹಳದಿ ಇದ್ದರೆ ಸರಿಯಿದೆ. ಕಡುಹಳದಿಯಿಂದ ಜೇನಿನ ಬಣ್ಣಕ್ಕೆ ತಿರುಗಿದರೆ ನೀರು ಸಾಲದು. ಇಡೀ ದಿನ ಬರೀ ನೀರಿನಂತೆ ಬಣ್ಣವೇ ಇಲ್ಲದೆ ಹೋಗುತ್ತಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿಯುತ್ತಿದ್ದೀರಿ. ಅದನ್ನು ಸಾಧನೆ ಎಂದುಕೊಳ್ಳುವವರೂ ಇದ್ದಾರೆ.

ಜನ ತಪ್ಪುವುದು ಎಲ್ಲಿ ಎಂದರೆ, ಕಮೋಡಿನಲ್ಲಿ ನಿಂತ ನೀರಿಗೆ ಬೆರೆತ ಮೇಲೆ ಬಣ್ಣ ನೋಡುತ್ತಾರೆ. ಕಡುಹಳದಿಯೂ ಅಲ್ಲಿ ತಿಳಿಯಾಗಿ ಕಾಣುತ್ತದೆ. ಧಾರೆ ಬೀಳುವಾಗಲೇ ನೋಡಬೇಕು, ಇಲ್ಲವೇ ಪಾರದರ್ಶಕ ಡಬ್ಬಿಯಲ್ಲಿ ಹಿಡಿದು ಬೆಳಕಿಗೆ ಹಿಡಿಯಬೇಕು. ಬೆಳಗಿನ ಮೊದಲ ಮೂತ್ರ ರಾತ್ರಿಯೆಲ್ಲ ಗಟ್ಟಿಯಾದದ್ದು, ಅದು ಗಾಢವಾಗಿರುವುದು ಸಹಜ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಮಧ್ಯಾಹ್ನದ್ದು ಮತ್ತು ಸಂಜೆಯದ್ದು. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಹೊಳೆಯುವ ಹಳದಿಯಾಗುತ್ತದೆ, ಅದು ರೈಬೋಫ್ಲೇವಿನ್ನಿನ ಬಣ್ಣ. ಬೀಟ್‌ರೂಟ್ ಕೆಲವರಲ್ಲಿ ಕೆಂಪು ತರುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕಿತ್ತಳೆ ಬಣ್ಣ ಕೊಡುತ್ತದೆ. ಇಂಥ ದಿನಗಳಲ್ಲಿ ಬಣ್ಣ ನೋಡಿ ಪ್ರಯೋಜನವಿಲ್ಲ. ಬೀಟ್‌ರೂಟ್ ತಿನ್ನದೆಯೂ ಕೆಂಪು, ಅಥವಾ ಎಷ್ಟು ಕುಡಿದರೂ ಚಹಾ ಡಿಕಾಕ್ಷನ್ನಿನ ಕಂದು ಬಣ್ಣ ಬರುತ್ತಿದ್ದರೆ ಅದು ನೀರಿನ ವಿಷಯವಲ್ಲ, ವೈದ್ಯರನ್ನು ಕಾಣಿ.

ಇನ್ನೂ ಖಚಿತವಾಗಿ ಬೇಕೆಂದರೆ ರಜೆಯ ದಿನ 24 ಗಂಟೆಯ ಅಳತೆ ಮಾಡಿ. ಬೆಳಗ್ಗೆ ಎದ್ದ ಕೂಡಲೇ ಮಾಡಿದ್ದನ್ನು ಬಿಟ್ಟುಬಿಡಿ, ಗಂಟೆ ಬರೆದುಕೊಳ್ಳಿ. ಅಲ್ಲಿಂದ ಪ್ರತಿ ಸಲ ಹಳೆಯ ಪ್ಲಾಸ್ಟಿಕ್ ಜಗ್ಗಿನಲ್ಲಿ ಅಳೆದು ಬರೆದು ಚೆಲ್ಲಿ. ಮರುದಿನ ಅದೇ ಗಂಟೆಗೆ ಮಾಡುವ ಮೊದಲ ಮೂತ್ರವನ್ನೂ ಸೇರಿಸಿ ಲೆಕ್ಕ ಮುಗಿಸಿ. ಒಂದೂವರೆಯಿಂದ ಎರಡು ಲೀಟರ್ ಬಂದರೆ ನಿಮ್ಮ ಈಗಿನ ರೂಢಿಯೇ ಸರಿ, ಏನೂ ಬದಲಿಸಬೇಕಿಲ್ಲ. ಒಂದು ಲೀಟರಿಗಿಂತ ಕಡಿಮೆ ಬಂದರೆ ದಿನಕ್ಕೆ ಎರಡು ಲೋಟ ಏರಿಸಿ, ವಾರ ಬಿಟ್ಟು ಮತ್ತೆ ಅಳೆಯಿರಿ. ನೀವೇನೂ ಅತಿಯಾಗಿ ಕುಡಿಯದೆಯೂ ಮೂರು ಲೀಟರ್ ದಾಟಿದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ಇಬ್ಬರಿಗೆ ಮಾತ್ರ ಗುರಿ ಬೇರೆ. ಒಮ್ಮೆ ಕಿಡ್ನಿ ಕಲ್ಲು ಆದವರು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಬೇಕು. ಇಟಲಿಯಲ್ಲಿ ಮೊದಲ ಬಾರಿ ಕಲ್ಲಾಗಿದ್ದ 199 ಜನರನ್ನು ಐದು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ನೀರು ಕುಡಿದವರಲ್ಲಿ ಶೇ. 12 ಮಂದಿಗೆ, ಉಳಿದವರಲ್ಲಿ ಶೇ. 27 ಮಂದಿಗೆ ಕಲ್ಲು ಮರಳಿತು. ಪದೇ ಪದೇ ಉರಿಮೂತ್ರದ ಸೋಂಕಾಗುವ, ಕಡಿಮೆ ನೀರು ಕುಡಿಯುವ ಹೆಂಗಸರು ಎರಡನೆಯವರು. ಅಂಥ 140 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿಸಿದಾಗ ವರ್ಷದಲ್ಲಿ ಸೋಂಕು ಸರಾಸರಿ 1.7 ಸಲ ಬಂತು. ರೂಢಿಯಂತೆ ಕುಡಿದವರಲ್ಲಿ 3.2 ಸಲ. ಇದು 2018ರ ಫಲಿತಾಂಶ.

ಹೆಜ್ಜೆ 4: ಬೆವರನ್ನು ತೂಗಿ

ದುಡಿಮೆ, ಆಟ, ಬಿಸಿಲು ಇರುವವರಿಗೆ ಇದೇ ಮುಖ್ಯ. ಒಂದು ಕಿಲೋ ತೂಕ ಇಳಿದರೆ ಒಂದು ಲೀಟರ್ ನೀರು ಹೋಯಿತು ಎಂದು ಲೆಕ್ಕ.

ಆಟಕ್ಕೋ ಕೆಲಸಕ್ಕೋ ಹೊರಡುವ ಮುಂಚೆ ಮೂತ್ರ ಮಾಡಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ನಡುವೆ ಎಷ್ಟು ಕುಡಿದಿರಿ ಎಂದು ಬಾಟಲಿ ನೋಡಿ ಬರೆಯಿರಿ. ಮುಗಿದ ಮೇಲೆ ಬೆವರು ಒರೆಸಿಕೊಂಡು, ಒದ್ದೆ ಬಟ್ಟೆ ತೆಗೆದು ಮತ್ತೆ ತೂಗಿ. ಒದ್ದೆ ಅಂಗಿಯಲ್ಲೇ ನಿಂತರೆ ಬಟ್ಟೆ ಹೀರಿದ ಬೆವರು ನಿಮ್ಮ ತೂಕದಲ್ಲೇ ಸೇರಿ ಲೆಕ್ಕ ತಪ್ಪುತ್ತದೆ.

ಉದಾಹರಣೆಗೆ: ಮೊದಲು 62.0 ಕಿಲೋ, ಒಂದೂವರೆ ಗಂಟೆ ಶಟಲ್ ಆಡಿದ ಮೇಲೆ 61.2. ನಡುವೆ ಕುಡಿದದ್ದು ಅರ್ಧ ಲೀಟರ್. ಇಳಿದ 0.8ಕ್ಕೆ ಕುಡಿದ 0.5 ಸೇರಿಸಿದರೆ ಬೆವರು 1.3 ಲೀಟರ್, ಅಂದರೆ ಗಂಟೆಗೆ ಸುಮಾರು 870 ಮಿ.ಲೀ. ತೂಕ ಇಳಿದದ್ದು ಶೇ. 1.3. ಶೇ. 2ರ ಒಳಗಿದ್ದರೆ ಚಿಂತೆಯಿಲ್ಲ. ದಾಟಿದರೆ ದಮ್ಮು, ಗಮನ ಎರಡೂ ಕುಸಿಯುತ್ತವೆ. ಇವರು ಮುಂದಿನ ಸಲ ನಡುವೆ ಇನ್ನೊಂದು ಲೋಟ ಕುಡಿದರೆ ಆಯಿತು. ತೂಕ ಇಳಿಯುವ ಬದಲು ಏರಿದ್ದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದಿದ್ದೀರಿ, ಅದು ಅಪಾಯ, ಮುಂದೆ ಹೇಳುತ್ತೇವೆ.

ಮನೆಯ ತೂಕದ ಯಂತ್ರ ನೂರಿನ್ನೂರು ಗ್ರಾಂ ಆಚೀಚೆ ತೋರಿಸುವುದುಂಟು. ಯಂತ್ರವನ್ನು ಕಾರ್ಪೆಟ್ಟಿನ ಮೇಲಲ್ಲ, ಗಟ್ಟಿ ನೆಲದ ಮೇಲೆ ಒಂದೇ ಜಾಗದಲ್ಲಿ ಇಟ್ಟು ಮೂರು ದಿನದ ಸರಾಸರಿ ತೆಗೆಯಿರಿ.

ಬಿಸಿಲಿನ ಜಿಲ್ಲೆ, ಸೆಕೆಯ ಜಿಲ್ಲೆ

ಕಲಬುರಗಿ, ರಾಯಚೂರು, ವಿಜಯಪುರದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಸುವ ರೂಢಿಯಿದೆ. ಮಂಗಳೂರಿನಲ್ಲಿ ಉಷ್ಣಾಂಶ ಅಷ್ಟಿಲ್ಲ, ಆದರೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಎರಡೂ ಕಡೆ ಬೆವರುತ್ತೇವೆ, ಆದರೆ ಮೋಸ ಹೋಗುವುದು ಒಣ ಹವೆಯಲ್ಲಿ. ಕರಾವಳಿಯಲ್ಲಿ ಬೆವರು ಆರದೆ ಧಾರೆಯಾಗಿ ಇಳಿಯುವುದರಿಂದ ನೀರು ಹೋಗುತ್ತಿರುವುದು ಕಣ್ಣಿಗೆ ಕಾಣುತ್ತದೆ. ರಾಯಚೂರಿನಲ್ಲಿ ಬಂದ ಬೆವರು ಬಂದಂತೆಯೇ ಆರಿಹೋಗುತ್ತದೆ. ಮೈ ಒಣಗಿದಂತಿದೆ, ಬೆವರೇ ಇಲ್ಲ ಎನಿಸುತ್ತದೆ. ಸಂಜೆ ಅಂಗಿ ಬಿಚ್ಚಿ ನೋಡಿದರೆ ಕಂಕುಳು, ಬೆನ್ನಿನ ಬಳಿ ಬಿಳಿ ಉಪ್ಪಿನ ಗೆರೆಗಳು. ಅಷ್ಟು ಉಪ್ಪು ಬಿಟ್ಟುಹೋದ ನೀರು ಎಷ್ಟಿದ್ದೀತು ಎಂದು ಅದರಿಂದಲೇ ಊಹಿಸಬಹುದು.

ಬಿಸಿಲಲ್ಲಿ ದುಡಿಯುವವರಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಸೂತ್ರ ನಮ್ಮಲ್ಲಿಗೂ ಹೊಂದುತ್ತದೆ: ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿ.ಲೀ.; ಗಂಟೆಗೆ 1.4 ಲೀಟರ್ ಮೀರಬಾರದು. ನೀರಡಿಕೆಯಾದಾಗ ಕುಡಿಯುತ್ತೇನೆ ಎಂದು ಕಾಯುವುದು ಇಲ್ಲಿ ಸಾಲದು, ಏಕೆಂದರೆ ಗಂಟೆಗೆ ಒಂದು ಲೀಟರ್ ಹೋಗುತ್ತಿರುವಾಗ ಬಾಯಾರಿಕೆ ಅದಕ್ಕಿಂತ ಹಿಂದೆಯೇ ಉಳಿದುಬಿಡುತ್ತದೆ. ನೆರಳಲ್ಲಿ ಕೂತವರಿಗೆ ಮಾತ್ರ ಬಾಯಾರಿಕೆ ನಂಬಿಕಸ್ಥ ಗಡಿಯಾರ; ರಕ್ತ ಶೇ. 1-2ರಷ್ಟು ಗಟ್ಟಿಯಾದರೂ ಅದು ಬಾರಿಸುತ್ತದೆ. ಬಾಯಾರಿಕೆ ಆಯಿತೆಂದರೆ ಆಗಲೇ ತಡವಾಯಿತು ಎಂದು ಆಫೀಸಿನವರನ್ನು ಹೆದರಿಸುವ ಮಾತಿಗೆ ಬೆಲೆ ಕೊಡಬೇಕಿಲ್ಲ.

ಬೆಂಗಳೂರಿನಿಂದ ಮದುವೆಗೋ ಜಾತ್ರೆಗೋ ಮೇ ತಿಂಗಳಲ್ಲಿ ಉತ್ತರ ಕರ್ನಾಟಕದ ಬಯಲುಸೀಮೆಗೆ ಹೋದವರು ಮೊದಲ ವಾರ ಎಚ್ಚರದಿಂದಿರಬೇಕು. ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಉಳಿಸಿಕೊಳ್ಳುತ್ತದೆ. ಒಗ್ಗದ ಮೈಗೆ ಆ ಜಾಣತನ ಇನ್ನೂ ಬಂದಿರುವುದಿಲ್ಲ.

ಉಪ್ಪಿನ ವಿಷಯ. ಒಂದು ಲೀಟರ್ ಬೆವರಿನಲ್ಲಿ ಜನರಿಂದ ಜನರಿಗೆ 1ರಿಂದ 4 ಗ್ರಾಂ ಉಪ್ಪು ಹೋಗುತ್ತದೆ. ಗಂಟೆ-ಒಂದೂವರೆ ಗಂಟೆಯ ಬೆವರಿಗೆ ನೀರೇ ಸಾಕು, ಮುಂದಿನ ಊಟದ ಸಾರು-ಉಪ್ಪಿನಕಾಯಿ ಉಪ್ಪನ್ನು ತುಂಬಿಕೊಡುತ್ತವೆ. ಅದಕ್ಕಿಂತ ಹೆಚ್ಚು ಹೊತ್ತಾದರೆ ಬರೀ ನೀರಿನ ಬದಲು ಮಜ್ಜಿಗೆ ಕುಡಿಯಿರಿ: ಒಂದು ಲೋಟ (200 ಮಿ.ಲೀ.) ಮೊಸರು, ನಾಲ್ಕು ಲೋಟ ನೀರು, ಮಟ್ಟವಾಗಿ ಅರ್ಧ ಟೀ ಚಮಚ ಉಪ್ಪು (ಸುಮಾರು ಎರಡೂವರೆ-ಮೂರು ಗ್ರಾಂ), ಜಜ್ಜಿದ ಶುಂಠಿ, ಕರಿಬೇವು. ಒಂದು ಲೀಟರ್ ಬೆವರಿಗೆ ಒಂದು ಲೀಟರ್ ಇಂಥ ನೀರುಮಜ್ಜಿಗೆ ಸರಿಹೋಗುತ್ತದೆ. ಬೆಣ್ಣೆ ತೆಗೆಯದ ಗಟ್ಟಿ ಮಜ್ಜಿಗೆ ಹೊಟ್ಟೆಯಲ್ಲಿ ಭಾರವಾಗಿ ನಿಲ್ಲುತ್ತದೆ, ಬಿಸಿಲಲ್ಲಿ ಅದು ಬೇಡ. ರಾಮನವಮಿಗೆ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವವರಿಗೆ ಯಾರೂ ಸೋಡಿಯಂ ಲೆಕ್ಕ ಹೇಳಿಕೊಟ್ಟಿರಲಿಲ್ಲ, ಆದರೂ ಲೆಕ್ಕ ತಪ್ಪಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋದ ಉಪ್ಪಿಗೆ ಅದೊಂದೇ ಬದಲಿಯಲ್ಲ.

ಓಆರ್‌ಎಸ್ ಇರುವುದು ವಾಂತಿ-ಭೇದಿಗೆ; ದಿನಾ ಕುಡಿಯುವ ತಂಪು ಪಾನೀಯ ಅದಲ್ಲ. ಮನೆಗೆ ತಂದಿದ್ದರೆ ಪ್ಯಾಕೆಟ್ ಎಷ್ಟು ನೀರಿಗೆ ಎಂದು ಮೊದಲು ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 20.5 ಗ್ರಾಂ ಪುಡಿ, 200 ಮಿ.ಲೀ. ನೀರಿನ ಚಿಕ್ಕ ಪ್ಯಾಕೆಟ್ಟುಗಳೂ ಸಿಗುತ್ತವೆ. ದೊಡ್ಡ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿದರೆ ಐದು ಪಟ್ಟು ಗಟ್ಟಿಯಾಗಿ, ಕರುಳು ಮೈಯ ನೀರನ್ನೇ ಎಳೆದುಕೊಂಡು ಭೇದಿ ಹೆಚ್ಚುತ್ತದೆ. ಸಿಹಿ ಪಾನೀಯದ ಡಬ್ಬಿಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಬಳಸುವಂತಿಲ್ಲ ಎಂದು 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು ಈ ಗೊಂದಲ ತಪ್ಪಿಸಲೆಂದೇ.

ಮಡಿಕೆಯ ಬಗ್ಗೆಯೂ ಒಂದು ಮಾತು. ನೀರು ತಂಪಾಗಿದ್ದರೆ ಬಿಸಿಲಲ್ಲಿ ಹೆಚ್ಚು ಕುಡಿಯಲಾಗುತ್ತದೆ. ಮಡಿಕೆ ತಂಪಾಗುವುದು ಮೈಯಿಂದ ಒಸರಿದ ನೀರು ಆರಿದಾಗ. ಆದ್ದರಿಂದ ಕಲಬುರಗಿಯ ಅರವಟ್ಟಿಗೆಯಲ್ಲಿ ಹೂಜಿಯ ನೀರು ಚುರುಕಾಗಿ ತಂಪಾಗುತ್ತದೆ, ಉಡುಪಿಯಲ್ಲಿ ಅದೇ ಹೂಜಿ ಅಷ್ಟು ಕೆಲಸ ಮಾಡುವುದಿಲ್ಲ.

ದಿನದಲ್ಲಿ ಹಂಚುವುದು

ಒಂದು ಲೀಟರನ್ನು ಒಮ್ಮೆಗೇ ಗಟಗಟ ಕುಡಿದರೆ ಅದರಲ್ಲಿ ಬಹುಪಾಲು ಎರಡು ಗಂಟೆಯೊಳಗೆ ಮೂತ್ರವಾಗಿ ಹೊರಗೆ ಬರುತ್ತದೆ. ಅದೇ ನೀರನ್ನು ಹಂಚಿ ಕುಡಿದರೆ ಮೈಗೆ ದಕ್ಕುತ್ತದೆ. ಕಚೇರಿಯಲ್ಲಿ ಕೂರುವವರಿಗೆ ಒಂದು ಮಾದರಿ: ಎದ್ದಾಗ 250 ಮಿ.ಲೀ., ತಿಂಡಿಗೆ ನೀರು-ಕಾಫಿ ಸೇರಿ 300, ಹನ್ನೊಂದಕ್ಕೆ 200, ಊಟಕ್ಕೆ ನೀರು 250 ಮತ್ತು ಮಜ್ಜಿಗೆ 200, ನಾಲ್ಕಕ್ಕೆ ನೀರು-ಚಹಾ 300, ಏಳಕ್ಕೆ 200, ರಾತ್ರಿ ಊಟಕ್ಕೆ 200. ಒಟ್ಟು 1,900. ರಾತ್ರಿ ಎರಡು ಸಲ ಏಳಬೇಕಾಗುತ್ತಿದ್ದರೆ ಮಲಗುವ ಎರಡು ಗಂಟೆ ಮೊದಲೇ ದೊಡ್ಡ ಲೋಟ ಮುಗಿಸಿ.

ಎಸಿ ಕಚೇರಿಯಲ್ಲಿ ಮರೆವೇ ದೊಡ್ಡ ಸಮಸ್ಯೆ. ಮೊಬೈಲಿನಲ್ಲಿ ಗಂಟೆಗೊಮ್ಮೆ ಅಲಾರಾಂ ಇಟ್ಟವರು ನಾಲ್ಕನೇ ದಿನ ಅದನ್ನು ಆರಿಸುತ್ತಾರೆ. ಅದರ ಬದಲು ಈಗಾಗಲೇ ಇರುವ ಅಭ್ಯಾಸಕ್ಕೆ ನೀರನ್ನು ಗಂಟು ಹಾಕಿ: ಕಾಫಿಗೆ ಮೊದಲು ಅರ್ಧ ಲೋಟ, ಶೌಚಾಲಯದಿಂದ ಬಂದ ಮೇಲೆ ಒಂದು ಲೋಟ.

ಇಲ್ಲಿ ಒಂದು ಸಿಟ್ಟಿನ ಮಾತು. ಶಾಲೆ, ಸಂತೆ, ಗಾರ್ಮೆಂಟ್ಸು, ಬಸ್ಸಿನ ದೂರ ಪ್ರಯಾಣ, ಎಲ್ಲ ಕಡೆ ಹೆಂಗಸರು ನೀರು ಕುಡಿಯದಿರುವುದು ಮರೆವಿನಿಂದಲ್ಲ, ಹೋಗಲು ಜಾಗವಿಲ್ಲದೆ. ಅವರಿಗೆ ಹೆಚ್ಚು ನೀರು ಕುಡಿಯಿರಿ ಎಂದು ಉಪದೇಶಿಸುವುದು ಸುಲಭ. ಆಗುವ ಮಟ್ಟಿಗೆ ಒಂದು ಉಪಾಯ: ಹೊರಡುವ ಎರಡು ಗಂಟೆ ಮೊದಲು ಎರಡು ಲೋಟ ಕುಡಿದು, ಹೊರಡುವಾಗ ಮೂತ್ರ ಮಾಡಿ, ದಾರಿಯಲ್ಲಿ ಗುಟುಕು ಗುಟುಕಾಗಿ ಕುಡಿಯಿರಿ, ಸೌತೆಕಾಯಿ, ಕಿತ್ತಳೆ ಇಟ್ಟುಕೊಳ್ಳಿ, ತಲುಪಿದ ಕೂಡಲೇ ಉಳಿದ ಬಾಕಿ ತೀರಿಸಿ.

ಹೆಚ್ಚಾದರೆ ಏನಾಗುತ್ತದೆ

ಕಿಡ್ನಿ ಗಂಟೆಗೆ ಹೊರಹಾಕಬಲ್ಲದ್ದು 800 ಮಿ.ಲೀ.ಯಿಂದ ಒಂದು ಲೀಟರ್. ಗಂಟೆಗಟ್ಟಲೆ ಅದನ್ನು ಮೀರಿ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಅದು ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ತೀರಾ ಇಳಿದರೆ ನೀರು ಜೀವಕೋಶಗಳೊಳಗೆ ನುಗ್ಗಿ ಮೆದುಳು ಊದಿಕೊಳ್ಳುತ್ತದೆ: ತಲೆನೋವು, ವಾಂತಿ, ಗಲಿಬಿಲಿ, ಕೊನೆಗೆ ಫಿಟ್ಸ್. 2002ರ ಬೋಸ್ಟನ್ ಮ್ಯಾರಥಾನ್ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಓಟ ಮುಗಿದಾಗ ತೂಕ ಏರಿದ್ದವರಲ್ಲೇ ಇದು ಹೆಚ್ಚು. ಬಿಸಿಲಿನ ಬಳಲಿಕೆಗೂ ಇದೇ ಲಕ್ಷಣಗಳಿರುವುದರಿಂದ ಸುತ್ತ ಇದ್ದವರು ಇನ್ನಷ್ಟು ನೀರು ಕುಡಿಸಿ ಕೇಡು ಹೆಚ್ಚಿಸುತ್ತಾರೆ. ಹೊಟ್ಟೆ ಉಬ್ಬಿ, ಕೈಬೆರಳು ಊದಿ ಉಂಗುರ ಬಿಗಿಯಾಗಿದ್ದರೆ, ಜೊತೆಗೆ ತಲೆನೋವು-ವಾಂತಿ ಇದ್ದರೆ ನೀರು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲಿ ಇದಕ್ಕೆ ಎಡೆಯಾಗುವ ಸಂದರ್ಭ ಎರಡು. ನೀರು ಕುಡಿಯುವ ಪಂದ್ಯ ಒಂದು. ಇನ್ನೊಂದು ಹೊಟ್ಟೆಯ ಸ್ಕ್ಯಾನಿಂಗ್: ಮೂತ್ರಕೋಶ ತುಂಬಲು ನಾಲ್ಕೈದು ಲೋಟ ಕುಡಿದು ಒಂದು ಗಂಟೆ ಕಾಯಬೇಕು. ಸರದಿ ಬೇಗ ಬರಲೆಂದು ಎರಡು-ಮೂರು ಲೀಟರ್ ಸುರಿದುಕೊಳ್ಳಬಾರದು.

ಬಾಣಂತಿ, ಕೂಸು, ಹಿರಿಯರು

ಬಾಣಂತಿಗೆ ನೀರು ಕೊಟ್ಟರೆ ಮೈ ಊದುತ್ತದೆ, ಮಗುವಿಗೆ ಶೀತ ಎಂದು ಲೋಟ ಕಸಿದುಕೊಳ್ಳುವ ಮನೆಗಳು ಇನ್ನೂ ಇವೆ. ಈ ಒಂದು ಪದ್ಧತಿಯನ್ನು ನಯವಾಗಿ, ಆದರೆ ಗಟ್ಟಿಯಾಗಿ ಬಿಡಿಸಬೇಕು. ಎದೆಹಾಲಿನಲ್ಲಿ ಶೇ. 87 ನೀರು, ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಹೋಗುತ್ತದೆ. ಹಾಲೂಡಿಸುವ ತಾಯಿಗೆ ಅದಕ್ಕಾಗಿಯೇ ದಿನಕ್ಕೆ 700 ಮಿ.ಲೀ. ಹೆಚ್ಚು ಬೇಕು, ಬಸುರಿಗೆ 300. ಅಜ್ಜಿ ಒಪ್ಪದಿದ್ದರೆ ಜಗಳ ಬೇಡ. ಬಿಸಿನೀರು, ಜೀರಿಗೆ ಕಷಾಯ, ತೆಳು ಸಾರು, ಹಾಲು ಎಂದರೆ ಯಾರೂ ಅಡ್ಡ ಬರುವುದಿಲ್ಲ. ಒಂದೊಂದು ಸಲ ಹಾಲೂಡಿಸುವಾಗಲೂ ಒಂದು ಲೋಟ ಬಿಸಿನೀರು ಪಕ್ಕದಲ್ಲಿಟ್ಟರೆ ಲೆಕ್ಕ ತಾನಾಗಿಯೇ ತುಂಬುತ್ತದೆ.

ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲೇ ಸಾಕು. ಅರವತ್ತು ದಾಟಿದವರಲ್ಲಿ ಬಾಯಾರಿಕೆಯ ಗಡಿಯಾರ ಮಂದವಾಗುತ್ತದೆ. ಬೇಕಾ ಎಂದು ಕೇಳಿದರೆ ಬೇಡ ಎನ್ನುತ್ತಾರೆ. ಕೇಳದೆ ತಂದು ಕೈಗೆ ಕೊಡಿ. ಕರಾವಳಿ-ಮಲೆನಾಡಿನಲ್ಲಿ ಬಂದವರಿಗೆಲ್ಲ ಮೊದಲು ಬೆಲ್ಲ-ನೀರು ಇಡುವ ಪದ್ಧತಿ ಮನೆಯ ಹಿರಿಯರಿಗೂ ನಡೆಯಲಿ. ಸಕ್ಕರೆ ಕಾಯಿಲೆಯಿದ್ದರೆ ಬೆಲ್ಲ ಬಿಟ್ಟು.

ಕೆಲವು ನಂಬಿಕೆಗಳು, ಚುಟುಕಾಗಿ

ನಿಂತು ಕುಡಿದರೆ ಮಂಡಿ ಸವೆಯುತ್ತದೆ ಎಂಬುದು ಸುಳ್ಳು. ಊಟದ ನಡುವೆ ಒಂದು ಲೋಟ ಕುಡಿದರೆ ಜೀರ್ಣರಸ ಕೆಡುವುದಿಲ್ಲ. ಬೆಳಗ್ಗೆ ಬರೀ ಹೊಟ್ಟೆಗೆ ಒಂದು ಲೋಟ ಒಳ್ಳೆಯದೇ, ಒಂದೂವರೆ ಲೀಟರ್ ಕುಡಿದರೆ ಹೆಚ್ಚಿನ ಲಾಭವೇನೂ ಇಲ್ಲ. ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಕುಡಿಯಬಹುದು. ನಿಂಬೆಪಾನಕ, ಮಜ್ಜಿಗೆ ಇಡಬೇಡಿ, ಹುಳಿಗೆ ತಾಮ್ರ ಕರಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿಯ ನೀರನ್ನೇ ಕುಡಿಯುವವರು ಎಷ್ಟು ಎನ್ನುವುದಕ್ಕಿಂತ ಮೊದಲು ಫ್ಲೋರೈಡ್ ಪರೀಕ್ಷೆ ಮಾಡಿಸಲಿ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ.

ಈ ಲೆಕ್ಕ ಯಾರಿಗಲ್ಲ

ಹೃದಯದ ವೈಫಲ್ಯ, ಕಿಡ್ನಿ ವೈಫಲ್ಯ, ಡಯಾಲಿಸಿಸ್, ಹೊಟ್ಟೆಯಲ್ಲಿ ನೀರು ತುಂಬಿದ ಲಿವರ್ ಕಾಯಿಲೆ ಇರುವವರಿಗೆ ಮೇಲಿನದ್ಯಾವುದೂ ಅನ್ವಯಿಸುವುದಿಲ್ಲ. ಕಿಡ್ನಿ ಸೋತವರಿಗೆ ಎಳನೀರಿನ ಪೊಟ್ಯಾಸಿಯಂ ಹೃದಯಕ್ಕೇ ತೊಂದರೆ. ರಕ್ತದೊತ್ತಡಕ್ಕೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರೂ ನೀರನ್ನು ತಾವಾಗಿ ಏರಿಸಬಾರದು, ಇಳಿಸಬಾರದು. ವೈದ್ಯರು ದಿನಕ್ಕೆ ಒಂದು ಲೀಟರ್ ಎಂದು ಮಿತಿ ಹಾಕಿದ್ದರೆ ಕಾಫಿ, ಸಾರು, ಮಜ್ಜಿಗೆ ಎಲ್ಲವೂ ಆ ಲೀಟರಿನೊಳಗೇ. ಬೆಳಗ್ಗೆ ಒಂದು ಲೀಟರ್ ಬಾಟಲಿ ತುಂಬಿ ಅವರ ಹೆಸರಿಗೆ ಎತ್ತಿಡಿ. ಅವರು ಕಾಫಿ ಕುಡಿದಾಗ ಅದೇ ಲೋಟದಷ್ಟು ನೀರನ್ನು ಬಾಟಲಿಯಿಂದ ತೆಗೆದು ತುಳಸಿ ಗಿಡಕ್ಕೆ ಹಾಕಿ. ಬಾಟಲಿ ಖಾಲಿಯಾದಾಗ ಆ ದಿನದ ಪಾಲು ಮುಗಿಯಿತು.